‘ಲೋಹ’ವೆಂಬ ಒಂದು ಮಾತು: ದಂತ ಇಂಪ್ಲಾಂಟ್ ಉಳ್ಳವರು ತುಂಬಬೇಕಾದ ಸ್ಕ್ಯಾನಿಂಗ್ ಪ್ರಶ್ನಾಪತ್ರದ ವಿಮರ್ಶೆ

೧

ವಿಮರ್ಶೆಗೆ ವಿಷಯವಾಗತಕ್ಕವು ಕಾವ್ಯ ನಾಟಕಗಳೇ ಎಂಬ ಭಾವನೆ ನಮ್ಮ ವಿದ್ಯಾಪೀಠಗಳಲ್ಲಿ ರೂಢವಾಗಿದೆ. ಆದರೆ ಮಾತಿನ ದೋಷದಿಂದ ಓದುಗನಿಗೆ ರಸಭಂಗವಷ್ಟೇ ಅಲ್ಲ, ದೇಹಕ್ಕೇ ಅಪಾಯವನ್ನೋ ಅನಾವಶ್ಯಕ ಕ್ಲೇಶವನ್ನೋ ತಂದೊಡ್ಡುವ ಬರಹಗಳೂ ಉಂಟು. ಆಸ್ಪತ್ರೆಯ ಪ್ರಶ್ನಾಪತ್ರ ಅಂಥವುಗಳಲ್ಲೊಂದು. ಎಂ.ಆರ್.ಐ. ಪರೀಕ್ಷೆಗೆ ಹೋದವರ ಕೈಗೆ ಕೊಡುವ ಒಂದು ಪುಟದ ಆ ಬರಹವನ್ನು, ಬಾಯಿಯಲ್ಲಿ ದಂತ ಇಂಪ್ಲಾಂಟ್ ಇರುವವರ ಸಂದರ್ಭದಲ್ಲಿ, ಭಾಷೆಯ ದೃಷ್ಟಿಯಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಾವು ತೊಡಗಲು ಒಂದು ನಿಮಿತ್ತವೊದಗಿತು. ನಮಗೆ ಪರಿಚಿತರಾದ ಹಿರಿಯ ಅಧ್ಯಾಪಕರೊಬ್ಬರಿಗೆ ಒಂದು ದಿನ ಎಡಗೈ ಜೋಮು ಹಿಡಿಯಿತು. ವೈದ್ಯರು ಮೆದುಳಿನ ಎಂ.ಆರ್.ಐ. ಮಾಡಿಸುವಂತೆ ಬರೆದುಕೊಟ್ಟರು. ಪ್ರಶ್ನಾಪತ್ರದಲ್ಲಿ ಶರೀರದಲ್ಲಿ ಲೋಹವಿದೆಯೇ ಎಂದು ಕೇಳಿತ್ತು. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಾಕಿಸಿಕೊಂಡಿದ್ದ ಅವರು ಸತ್ಯಸಂಧರಾದ ಕಾರಣ ‘ಹೌದು’ ಎಂದು ಬರೆದರು. ಹಾಗಾದರೆ ಪರೀಕ್ಷೆ ಸಾಧ್ಯವಿಲ್ಲ, ಹಲ್ಲಿನ ವೈದ್ಯರಿಂದ ಪತ್ರ ತನ್ನಿರೆಂದು ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಇಂಪ್ಲಾಂಟ್ ಹಾಕಿದ ವೈದ್ಯರು ಬೇರೆ ಊರಿನವರು, ವೃತ್ತಿಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ನಾಲ್ಕು ದಿನ ಕಳೆದ ಮೇಲೆ ಇನ್ನೊಂದು ಕೇಂದ್ರದಲ್ಲಿ ಯಾವ ತೊಡಕೂ ಇಲ್ಲದೆ ಪರೀಕ್ಷೆ ನಡೆಯಿತು. ಅದೇ ಮೊದಲಿನ ಕೇಂದ್ರದಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ‘ಇಲ್ಲ’ ಎಂದು ಬರೆಸಿ ಒಳಗೆ ಹೋಗುವುದರಲ್ಲಿದ್ದರು. ಬಾಯಿ ತೆರೆಯಿರೆಂದು ದಾದಿ ಕೇಳಿದ್ದರಿಂದ ತಿಳಿಯಿತು, ಅವರ ಹಲ್ಲಿನ ಸೆಟ್ಟು ಅಯಸ್ಕಾಂತದಿಂದ ಕಚ್ಚಿ ನಿಲ್ಲುವ ಬಗೆಯದೆಂದು. ಆ ತಾಯಿ ಸುಳ್ಳು ಹೇಳಿರಲಿಲ್ಲ. ಹಲ್ಲಿನ ಸೆಟ್ಟು ‘ಶರೀರದಲ್ಲಿರುವ ಲೋಹ’ವೆಂದು ಅವರಿಗೆ ತೋರಿರಲಿಲ್ಲ.

ಒಂದೇ ಪ್ರಶ್ನೆ ನಿರಪಾಯವಾದುದನ್ನು ತಡೆಯಿತು, ಅಪಾಯವಾದುದಕ್ಕೆ ಬಾಗಿಲು ತೆರೆಯಿತು. ಇಲ್ಲಿ ತಪ್ಪಿದ್ದು ಯಂತ್ರವಲ್ಲ, ವೈದ್ಯಶಾಸ್ತ್ರವೂ ಅಲ್ಲ, ತಪ್ಪಿದ್ದು ವಾಕ್ಯ. ವಾಕ್ಯ ತಪ್ಪಿದಾಗ ಅದನ್ನು ಪರಿಶೀಲಿಸುವ ಹೊಣೆ ಭಾಷೆಯನ್ನು ಅಭ್ಯಾಸಮಾಡುವವರ ಮೇಲೆಯೂ ಇದೆಯೆಂದು ನಾವು ಭಾವಿಸುತ್ತೇವೆ.

೨

ಇಂತಹ ಬರಹವನ್ನು ಅಳೆಯಲು ಯಾವ ಮಾನದಂಡವನ್ನು ತೆಗೆದುಕೊಳ್ಳಬೇಕು? ಹೊಸದೊಂದನ್ನು ಹುಡುಕಬೇಕಾಗಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನ್ನ ಮೊದಲನೆಯ ಪರಿಚ್ಛೇದವನ್ನೇ ದೋಷಾದೋಷಗಳ ವಿವೇಚನೆಗೆ ಮೀಸಲಿಟ್ಟಿದೆ. ಅದಕ್ಕೆ ಆಕರವಾದ ಕಾವ್ಯಾದರ್ಶದಲ್ಲಿ ದಂಡಿ ಎಣಿಸಿರುವ ಹತ್ತು ದೋಷಗಳಲ್ಲಿ ಎರಡು ನಮ್ಮ ಪ್ರಕೃತಕ್ಕೆ ನೇರವಾಗಿ ಸಲ್ಲುತ್ತವೆ. ಒಂದು ‘ಸಸಂಶಯ’: ನಿರ್ಣಯಕ್ಕಾಗಿ ಆಡಿದ ಮಾತೇ ಸಂದೇಹವನ್ನು ಹುಟ್ಟಿಸುವುದು. ಇನ್ನೊಂದು ‘ಅಪಕ್ರಮ’: ಹೇಳಬೇಕಾದುದನ್ನು ಅದರ ಕ್ರಮ ತಪ್ಪಿಸಿ ಹೇಳುವುದು. ಸಂದೇಹ ಹುಟ್ಟಿಸಬೇಕೆಂದೇ ಕವಿ ಬಯಸಿದರೆ ಅದು ದೋಷವಾಗದೆಂದು ದಂಡಿ ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಆಸ್ಪತ್ರೆಯ ಪ್ರಶ್ನಾಪತ್ರಕ್ಕೆ ಆ ವಿನಾಯಿತಿ ದೊರೆಯಲಾರದು. ಅಲ್ಲಿ ಪ್ರತಿಯೊಂದು ಮಾತೂ ‘ಹೌದು’ ಅಥವಾ ‘ಇಲ್ಲ’ ಎಂಬ ನಿರ್ಣಯಕ್ಕಾಗಿಯೇ ಇರತಕ್ಕದ್ದು.

ಈ ಎರಡು ದೋಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರಶ್ನಾಪತ್ರದಲ್ಲಿಯೂ ಅದರ ಸುತ್ತಣ ಮಾತುಕತೆಯಲ್ಲಿಯೂ ಬರುವ ನಾಲ್ಕು ಪದಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ: ‘ಸ್ಕ್ಯಾನಿಂಗ್’, ‘ಲೋಹ’, ‘ಸುರಕ್ಷಿತ’, ‘ಶರೀರದಲ್ಲಿ’.

೩

ಮೊದಲನೆಯದು ‘ಸ್ಕ್ಯಾನಿಂಗ್’. ಗರ್ಭಿಣಿಯ ಹೊಟ್ಟೆಯನ್ನು ಶಬ್ದತರಂಗದಿಂದ ನೋಡುವುದೂ ನಮ್ಮಲ್ಲಿ ಸ್ಕ್ಯಾನಿಂಗ್. ತಲೆಗೆ ಪೆಟ್ಟಾದವನ ಸಿ.ಟಿ.ಯೂ ಸ್ಕ್ಯಾನಿಂಗ್, ಎಂ.ಆರ್.ಐ.ಯೂ ಸ್ಕ್ಯಾನಿಂಗ್. ಒಂದು ಪದ ಮೂರು ಯಂತ್ರಗಳಿಗೆ ಸಲ್ಲುವುದರಿಂದ, ಒಂದರ ಭಯ ಇನ್ನೊಂದಕ್ಕೆ ಸುಲಭವಾಗಿ ಸಂಕ್ರಮಿಸುತ್ತದೆ.

ಕ್ಷ-ಕಿರಣವನ್ನು ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜೆನ್ ೧೮೯೫ರ ನವೆಂಬರ್ ೮ರಂದು ಕಂಡನು. ಕೆಲವೇ ವಾರಗಳಲ್ಲಿ, ೧೮೯೬ರ ಜನವರಿಯಲ್ಲಿ, ಓಟ್ಟೋ ವಾಲ್ಕಾಫ್ ಎಂಬ ದಂತವೈದ್ಯನು ತನ್ನ ಹಲ್ಲುಗಳ ಚಿತ್ರವನ್ನೇ ತೆಗೆಸಿಕೊಂಡನು; ಅದಕ್ಕಾಗಿ ಅವನು ೨೫ ನಿಮಿಷ ಕಿರಣಕ್ಕೆ ಮುಖವೊಡ್ಡಬೇಕಾಯಿತು. ಇಂದಿನ ಸಿ.ಟಿ. ಯಂತ್ರವೂ ದಂತವೈದ್ಯರು ದವಡೆಯನ್ನು ನೋಡಲು ಬಳಸುವ ಸಿ.ಬಿ.ಸಿ.ಟಿ. ಯಂತ್ರವೂ ಈ ವಂಶಕ್ಕೆ ಸೇರಿದವು. ಇವುಗಳಲ್ಲಿ ಪ್ರಶ್ನೆ ಕಿರಣದ ಪ್ರಮಾಣದ್ದು. ಕಿರಣ ಅಗತ್ಯವಿರುವಷ್ಟೇ ಆಗಬೇಕು, ಅದಕ್ಕೆ ಮೀರಬಾರದು. ನಮ್ಮ ದೇಶದಲ್ಲಿ ಇವುಗಳ ಮೇಲೆ ೧೯೮೩ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹತೋಟಿ ಇದೆ. ಬಾಯಿಯಲ್ಲಿ ಇಂಪ್ಲಾಂಟ್ ಇದ್ದರೆ ಕ್ಷ-ಕಿರಣ ಅದನ್ನು ಅಲುಗಿಸದು, ಸೆಳೆಯದು, ಸುಡದು.

ಎಂ.ಆರ್.ಐ. ಬೇರೆ ವಂಶದ್ದು. ೧೯೭೩ರಲ್ಲಿ ಪಾಲ್ ಲಾಟರ್ಬರ್ ಅದರ ಚಿತ್ರಕ್ರಮವನ್ನು ಪ್ರಕಟಿಸಿದನು; ಆತನಿಗೂ ಪೀಟರ್ ಮ್ಯಾನ್ಸ್‌ಫೀಲ್ಡನಿಗೂ ೨೦೦೩ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದರಲ್ಲಿ ಕ್ಷ-ಕಿರಣದ ಲವಲೇಶವೂ ಇಲ್ಲ. ಬಲವಾದ ಅಯಸ್ಕಾಂತವೂ ರೇಡಿಯೋ ತರಂಗವೂ ಸೇರಿ ದೇಹದ ನೀರಿನಲ್ಲಿರುವ ಜಲಜನಕದ ಬೀಜಕಣಗಳನ್ನು ಮಾತನಾಡಿಸುತ್ತವೆ. ಸಾಮಾನ್ಯ ಯಂತ್ರಗಳ ಬಲ ೧.೫ ಅಥವಾ ೩ ಟೆಸ್ಲಾ. ಭೂಮಿಯ ಕಾಂತಕ್ಷೇತ್ರಕ್ಕೆ ಹೋಲಿಸಿದರೆ ೧.೫ ಟೆಸ್ಲಾ ಎಂಬುದು ಸುಮಾರು ಮೂವತ್ತು ಸಾವಿರ ಪಟ್ಟು. ದೊಡ್ಡ ಯಂತ್ರಗಳಲ್ಲಿ ಈ ಅಯಸ್ಕಾಂತ ದ್ರವ ಹೀಲಿಯಂನ ಶೈತ್ಯದಲ್ಲಿ ಹಗಲಿರುಳೂ ಜಾಗೃತವಾಗಿರುತ್ತದೆ. ಸದ್ದು ನಿಂತಿತೆಂದರೆ ಯಂತ್ರ ಆರಿತೆಂದು ತಿಳಿಯುವುದು ತಪ್ಪು. ೨೦೦೧ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಒಬ್ಬ ಬಾಲಕನೂ, ೨೦೧೮ರಲ್ಲಿ ಮುಂಬಯಿಯಲ್ಲಿ ಒಬ್ಬ ತರುಣನೂ, ಆಮ್ಲಜನಕದ ಸಿಲಿಂಡರನ್ನು ಯಂತ್ರದ ಕೋಣೆಗೆ ಒಯ್ದ ಕಾರಣದಿಂದ ಪ್ರಾಣ ಕಳೆದುಕೊಂಡರು. ಆದಕಾರಣ ಎಂ.ಆರ್.ಐ. ಕೋಣೆಯ ಎಚ್ಚರಿಕೆ ಅತಿಶಯೋಕ್ತಿಯಲ್ಲ. ಆದರೆ ಎಚ್ಚರಿಕೆ ಯಾವುದರ ಬಗೆಗೆ ಎಂಬುದು ಸ್ಪಷ್ಟವಾಗಬೇಕು. ಅಲ್ಲಿಗೆ ಎರಡನೆಯ ಪದಕ್ಕೆ ಬರುತ್ತೇವೆ.

೪

‘ಲೋಹ’ ಎಂಬುದು ರಸಾಯನಶಾಸ್ತ್ರದ ಜಾತಿವಾಚಕ. ಯಂತ್ರಕ್ಕೆ ಜಾತಿ ಬೇಕಾಗಿಲ್ಲ, ಗುಣ ಬೇಕು. ಯಾವ ವಸ್ತುವನ್ನೇ ಎಂ.ಆರ್.ಐ. ಯಂತ್ರದೊಳಗೆ ಇಟ್ಟರೂ ಮೂರು ಪ್ರತ್ಯೇಕ ಪ್ರಶ್ನೆಗಳು ಏಳುತ್ತವೆ: ಅದು ಸೆಳೆಯಲ್ಪಡುವುದೇ? ಕಾಯುವುದೇ? ಚಿತ್ರವನ್ನು ಕೆಡಿಸುವುದೇ? ‘ಲೋಹವಿದೆಯೇ’ ಎಂಬ ಒಂದೇ ಮಾತು ಈ ಮೂರನ್ನೂ ಒಟ್ಟಿಗೆ ಕಟ್ಟಿ ಗಂಟುಹಾಕಿದೆ. ಸಸಂಶಯದೋಷದ ಮೂಲ ಇಲ್ಲಿದೆ.

ಸೆಳೆತವನ್ನು ಮೊದಲು ನೋಡೋಣ. ದಂತ ಇಂಪ್ಲಾಂಟ್ ಬಹುಮಟ್ಟಿಗೆ ಟೈಟೇನಿಯಂ ಅಥವಾ ಅದರ ಮಿಶ್ರಲೋಹದ್ದು. ೧೯೫೨ರ ಸುಮಾರಿನಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್, ಮೊಲದ ಮೂಳೆಯಲ್ಲಿರಿಸಿದ್ದ ಟೈಟೇನಿಯಂ ಉಪಕರಣ ಮೂಳೆಗೆ ಬಿಡಿಸಲಾಗದಂತೆ ಬೆಸೆದುಕೊಂಡದ್ದನ್ನು ಕಂಡನು; ೧೯೬೫ರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ದವಡೆಯಲ್ಲಿ ಅದನ್ನು ಪ್ರಯೋಗಿಸಿದನು. ಕಬ್ಬಿಣದಂತೆ ಟೈಟೇನಿಯಂ ಅಯಸ್ಕಾಂತಕ್ಕೆ ಹಾರಿ ಅಂಟುವ ವಸ್ತುವಲ್ಲ. ಕಾಂತಕ್ಷೇತ್ರಕ್ಕೆ ಒಂದು ವಸ್ತು ಎಷ್ಟು ಓಗೊಡುತ್ತದೆಂಬುದನ್ನು ಅಳೆಯುವ ಮಾನವೊಂದುಂಟು. ದಶಲಕ್ಷದ ಭಾಗಗಳಲ್ಲಿ ಹೇಳುವುದಾದರೆ ನೀರಿನ ಅಳತೆ ಋಣ ೯, ಚಿನ್ನದ್ದು ಋಣ ೩೪, ಟೈಟೇನಿಯಂನದು ಧನ ೧೮೨ರಷ್ಟು. ಕಬ್ಬಿಣದ ಅಳತೆಯನ್ನು ಇವುಗಳ ಪಕ್ಕದಲ್ಲಿಡುವುದೇ ಸಲ್ಲದು, ಅದು ಅಷ್ಟು ಬೃಹತ್ತು. ಮೂಳೆಯಲ್ಲಿ ಬೇರೂರಿದ ಪುಟ್ಟ ಟೈಟೇನಿಯಂ ಮೊಳೆಯನ್ನು ಯಂತ್ರ ಕಿತ್ತೆಳೆಯುವುದೆಂಬ ಭೀತಿಗೆ ಆಧಾರವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ೧೯೯೨ರಲ್ಲಿ ಅಮೆರಿಕದಲ್ಲಿ ಮೆದುಳಿನ ರಕ್ತನಾಳಕ್ಕೆ ಹಾಕಿದ್ದ, ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಜಾತಿಯ ಕ್ಲಿಪ್ಪೊಂದು ಎಂ.ಆರ್.ಐ. ಯಂತ್ರದಲ್ಲಿ ಸರಿದು ರೋಗಿ ಮೃತಪಟ್ಟ ಪ್ರಸಂಗ ದಾಖಲೆಯಲ್ಲಿದೆ. ಅದೂ ‘ಲೋಹ’, ಇದೂ ‘ಲೋಹ’. ಪ್ರಶ್ನಾಪತ್ರದ ಕಣ್ಣಿಗೆ ಎರಡೂ ಒಂದೇ.

ಎರಡನೆಯದು ಕಾವು. ರೇಡಿಯೋ ತರಂಗ ವಾಹಕ ವಸ್ತುವಿನಲ್ಲಿ ವಿದ್ಯುತ್ತನ್ನು ಪ್ರೇರಿಸಬಲ್ಲುದು. ಆದರೆ ಇಲ್ಲಿ ಉದ್ದವೇ ಮುಖ್ಯ. ೧.೫ ಟೆಸ್ಲಾ ಯಂತ್ರದ ತರಂಗ ಸೆಕೆಂಡಿಗೆ ಸುಮಾರು ೬೪ ದಶಲಕ್ಷ ಆವರ್ತನದ್ದು. ದೇಹದೊಳಗೆ ಅದರ ಅಲೆಯುದ್ದ ಸುಮಾರು ಅರ್ಧ ಮೀಟರು. ಅದರಲ್ಲಿ ಅರ್ಧದಷ್ಟು, ಅಂದರೆ ಕಾಲು ಮೀಟರಿನ ಆಸುಪಾಸಿನ ತಂತಿ ಇದ್ದರೆ ಅದರ ತುದಿಯಲ್ಲಿ ಕಾವು ಹೆಚ್ಚಾಗಿ ಸಂಗ್ರಹವಾಗುತ್ತದೆ. ೩ ಟೆಸ್ಲಾದಲ್ಲಿ ಈ ಉದ್ದ ಅರ್ಧಕ್ಕಿಳಿಯುತ್ತದೆ. ಹೃದಯದ ಪೇಸ್‌ಮೇಕರಿನ ತಂತಿಯ ಬಗೆಗೆ ತಜ್ಞರು ಚಿಂತಿಸುವುದು ಈ ಕಾರಣಕ್ಕಾಗಿ. ದಂತ ಇಂಪ್ಲಾಂಟಿನ ಉದ್ದ ಸಾಮಾನ್ಯವಾಗಿ ೮ರಿಂದ ೧೫ ಮಿಲಿಮೀಟರು. ಹಲವು ಇಂಪ್ಲಾಂಟ್‌ಗಳನ್ನು ಕೂಡಿಸುವ ಉದ್ದನೆಯ ಸರಳು ದವಡೆಯಲ್ಲಿದ್ದರೆ ತಯಾರಕರ ಸೂಚನೆಯನ್ನು ನೋಡುವುದು ಯುಕ್ತ. ಬಿಡಿ ಇಂಪ್ಲಾಂಟಿನ ವಿಷಯದಲ್ಲಿ, ಯಂತ್ರವನ್ನು ವಿಹಿತ ಮಿತಿಯೊಳಗೆ ನಡೆಸುವವರೆಗೆ, ಕಾವು ಆತಂಕಕ್ಕೆ ಕಾರಣವಾಗುವಷ್ಟು ಏರದು.

ಮೂರನೆಯದು ಚಿತ್ರ. ಇಂಪ್ಲಾಂಟ್ ಉಳ್ಳವರ ಮಟ್ಟಿಗೆ ನಿಜವಾದ ತೊಡಕು ಇರುವುದು ಇಲ್ಲಿ. ಟೈಟೇನಿಯಂ ತನ್ನ ಸುತ್ತಣ ಕಾಂತಕ್ಷೇತ್ರವನ್ನು ಸ್ವಲ್ಪ ಡೊಂಕುಮಾಡುತ್ತದೆ. ಅಷ್ಟು ಜಾಗದಲ್ಲಿ ಚಿತ್ರ ಕಪ್ಪಾಗಿಯೋ ವಿಕಾರವಾಗಿಯೋ ಕಾಣುತ್ತದೆ. ದವಡೆಯಿಂದ ದೂರವಿರುವ ಮೆದುಳನ್ನು ನೋಡುವಾಗ ಇದರ ಬಾಧೆ ಸಾಮಾನ್ಯವಾಗಿ ಅಲ್ಪ. ನಾಲಗೆ, ಕೆನ್ನೆ, ದವಡೆ ಇವುಗಳನ್ನು ನೋಡಬೇಕಾದಾಗ ಅದು ಗಣನೀಯ. ಹೊಗೆಸೊಪ್ಪು ಅಡಕೆಗಳ ಬಳಕೆ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಬಾಯಿಯ ಅರ್ಬುದರೋಗ ಅಪರೂಪವಲ್ಲ. ಅಂತಹ ರೋಗಿಯ ಚಿತ್ರದಲ್ಲಿ ಗೆಡ್ಡೆಯ ಅಂಚು ಇಂಪ್ಲಾಂಟಿನ ನೆರಳಿನಲ್ಲಿ ಮರೆಯಾದರೆ ಪರಿಣಾಮ ಗಂಭೀರ. ಯಂತ್ರ ನಡೆಸುವವರಿಗೆ ಮುಂಚಿತವಾಗಿ ತಿಳಿದಿದ್ದರೆ ವಿಕಾರ ಕಡಿಮೆಯಾಗುವ ಕ್ರಮಗಳನ್ನು ಆರಿಸಿಕೊಳ್ಳಬಹುದು. ಹೀಗೆ ಇಂಪ್ಲಾಂಟಿನ ವಿಷಯವನ್ನು ಕೇಳುವುದಕ್ಕೆ ಪ್ರಬಲವಾದ ಕಾರಣವಿದೆ. ಆದರೆ ಅದು ರೋಗಿಯನ್ನು ಹಿಂದಕ್ಕೆ ಕಳುಹಿಸುವ ಕಾರಣವಲ್ಲ, ಪರೀಕ್ಷೆಯನ್ನು ಚೆನ್ನಾಗಿ ಮಾಡುವ ಕಾರಣ.

‘ಲೋಹ’ವೆಂಬ ಪದ ಎಷ್ಟು ದೂರ ದಾರಿತಪ್ಪಿಸಬಲ್ಲುದೆಂಬುದಕ್ಕೆ ಜಿರ್ಕೋನಿಯ ಉತ್ತಮ ಉದಾಹರಣೆ. ಇದು ಪಿಂಗಾಣಿಯ ಜಾತಿಗೆ ಸೇರಿದ ಬಿಳಿಯ ವಸ್ತು. ಲೋಹವಿಲ್ಲದ ಹಲ್ಲೆಂದು ಹೆಸರಾಗಿದೆ. ಎಂ.ಆರ್.ಐ. ಚಿತ್ರವನ್ನು ಇದು ಬಹಳ ಕಡಿಮೆ ಕೆಡಿಸುತ್ತದೆ. ಆದರೆ ಸಿ.ಟಿ.ಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕ್ಷ-ಕಿರಣವನ್ನು ತಡೆಯುವ ಶಕ್ತಿ ಮುಖ್ಯವಾಗಿ ಪರಮಾಣು ಸಂಖ್ಯೆಯನ್ನೂ ಸಾಂದ್ರತೆಯನ್ನೂ ಅವಲಂಬಿಸಿದೆ. ಮೂಳೆಯ ಕ್ಯಾಲ್ಸಿಯಂ ೨೦, ಟೈಟೇನಿಯಂ ೨೨, ಜಿರ್ಕೋನಿಯಂ ೪೦, ಚಿನ್ನ ೭೯. ಆದುದರಿಂದ ‘ಲೋಹ’ವಾದ ಟೈಟೇನಿಯಂಗಿಂತ ‘ಲೋಹವಲ್ಲದ’ ಜಿರ್ಕೋನಿಯವೇ ಸಿ.ಟಿ. ಚಿತ್ರದಲ್ಲಿ ಹೆಚ್ಚು ಗೆರೆಗಳನ್ನೆಳೆಯುತ್ತದೆ. ವಿಕಿರಣ ಚಿಕಿತ್ಸೆಯ ಪ್ರಮಾಣವನ್ನು ಸಿ.ಟಿ. ಚಿತ್ರದ ಆಧಾರದ ಮೇಲೆಯೇ ಲೆಕ್ಕಹಾಕುವುದರಿಂದ ಈ ಗೆರೆಗಳು ಅಲ್ಲಿಯೂ ತಪ್ಪೆಣಿಕೆಗೆ ಎಡೆಕೊಡಬಹುದು. ಅಂತೂ ಎಂ.ಆರ್.ಐ.ಗೆ ಕೇಳಬೇಕಾದ ಪ್ರಶ್ನೆಯೂ ಸಿ.ಟಿ.ಗೆ ಕೇಳಬೇಕಾದ ಪ್ರಶ್ನೆಯೂ ಬೇರೆ ಬೇರೆ. ‘ಲೋಹ’ ಎರಡಕ್ಕೂ ಸರಿಯಾದ ಪದವಲ್ಲ.

ಇನ್ನು ಅಯಸ್ಕಾಂತದ ಸೆಟ್ಟು. ಕೆಲವರಿಗೆ ದವಡೆಯಲ್ಲಿ ಉಳಿದ ಬೇರಿನ ಮೇಲೋ ಇಂಪ್ಲಾಂಟಿನ ಮೇಲೋ, ಅಯಸ್ಕಾಂತ ಹಿಡಿಯುವಂತಹ ಉಕ್ಕಿನ ಬಿಲ್ಲೆಯನ್ನು ಕೂರಿಸಿ, ತೆಗೆದು ಹಾಕುವ ಸೆಟ್ಟಿನ ಅಡಿಯಲ್ಲಿ ಪುಟ್ಟ ಅಯಸ್ಕಾಂತವನ್ನು ಇರಿಸಿರುತ್ತಾರೆ. ಸೆಟ್ಟು ಯಂತ್ರದ ಕೋಣೆಗೆ ಹೋಗಲೇಬಾರದು. ಬಾಯಿಯಲ್ಲಿ ಉಳಿಯುವ ಬಿಲ್ಲೆ ಚಿತ್ರವನ್ನು ವಿಸ್ತಾರವಾಗಿ ಕೆಡಿಸುತ್ತದೆ. ಅದು ಭದ್ರವಾಗಿದೆಯೇ ಎಂಬುದನ್ನೂ ಮೊದಲೇ ನೋಡಬೇಕಾಗುತ್ತದೆ. ದಂತಚಿಕಿತ್ಸೆಯ ವಿಷಯದಲ್ಲಿ ಪ್ರಶ್ನಾಪತ್ರ ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದದ್ದು ಇದನ್ನು. ‘ಲೋಹ’ವೆಂಬ ಬಲೆಯಲ್ಲಿ ಸಿಕ್ಕಿಬಿದ್ದವರು ನಮ್ಮ ಹಿರಿಯ ಅಧ್ಯಾಪಕರು, ನುಸುಳಿಹೋಗುವುದರಲ್ಲಿದ್ದವರು ಅಯಸ್ಕಾಂತವನ್ನೇ ಬಾಯಿಯಲ್ಲಿಟ್ಟುಕೊಂಡಿದ್ದ ಆ ವೃದ್ಧೆ.

೫

ಮೂರನೆಯ ಪದ ‘ಸುರಕ್ಷಿತ’. ಇದರ ತೊಡಕು ಕನ್ನಡದಲ್ಲಿ ಹುಟ್ಟಿದ್ದಲ್ಲ, ಇಂಗ್ಲಿಷಿನಿಂದಲೇ ಬಂದದ್ದು. ಎಂ.ಆರ್.ಐ. ಕೋಣೆಗೆ ಹೋಗುವ ವಸ್ತುಗಳನ್ನು ಗುರುತಿಸಲು ಎ.ಎಸ್.ಟಿ.ಎಂ. ಎಂಬ ಮಾನಕಸಂಸ್ಥೆ ೨೦೦೫ರಲ್ಲಿ ಮೂರು ವರ್ಗಗಳನ್ನು ನಿರ್ಣಯಿಸಿತು. ‘ಸುರಕ್ಷಿತ’ಕ್ಕೆ ಹಸುರು ಚೌಕ, ‘ನಿಬಂಧನೆಗೊಳಪಟ್ಟದ್ದು’ ಎಂಬುದಕ್ಕೆ ಹಳದಿ ತ್ರಿಕೋಣ, ‘ಅಸುರಕ್ಷಿತ’ಕ್ಕೆ ಅಡ್ಡಗೆರೆಯ ಕೆಂಪು ವೃತ್ತ. ಇಲ್ಲಿ ‘ಸುರಕ್ಷಿತ’ ಎಂಬ ಹೆಸರು ಸಲ್ಲುವುದು ವಿದ್ಯುತ್ತನ್ನು ಹರಿಸದ, ಲೋಹವಲ್ಲದ, ಕಾಂತಗುಣವಿಲ್ಲದ ವಸ್ತುಗಳಿಗೆ ಮಾತ್ರ. ಟೈಟೇನಿಯಂ ಎಷ್ಟು ನಿರಪಾಯವಾಗಿದ್ದರೂ ವಾಹಕವಾದುದರಿಂದ ಆ ಹೆಸರಿಗೆ ಅರ್ಹವಲ್ಲ; ಪರೀಕ್ಷಿತವಾದ ಇಂಪ್ಲಾಂಟ್ ಎರಡನೆಯ ವರ್ಗದಲ್ಲಿಯೇ ನಿಲ್ಲುತ್ತದೆ. ಇಷ್ಟು ಬಲದ ಯಂತ್ರದಲ್ಲಿ, ಇಷ್ಟು ಮಿತಿಯೊಳಗೆ, ಇಷ್ಟು ಹೊತ್ತು ಪರೀಕ್ಷಿಸಬಹುದೆಂಬುದೇ ಅದರ ತಾತ್ಪರ್ಯ.

ಶಾಸ್ತ್ರದಲ್ಲಿ ಪದಕ್ಕೆ ಪಾರಿಭಾಷಿಕವಾದ ಅರ್ಥವಿರುವುದು ತಪ್ಪಲ್ಲ. ಅಲಂಕಾರಶಾಸ್ತ್ರದ ‘ರಸ’ ಅಡಿಗೆಮನೆಯ ರಸವಲ್ಲ. ಆದರೆ ಪಾರಿಭಾಷಿಕ ಪದವನ್ನು ವ್ಯಾಖ್ಯೆಯಿಲ್ಲದೆ ಸಾಮಾನ್ಯನ ಕೈಗೆ ಕೊಟ್ಟರೆ ಅನರ್ಥವಾಗುತ್ತದೆ. ‘ಸುರಕ್ಷಿತವೆಂದು ಹೇಳಲಾಗದು’ ಎಂಬ ಮಾತನ್ನು ತಂತ್ರಜ್ಞನು ಮಾನಕದ ಅರ್ಥದಲ್ಲಿ ಆಡುತ್ತಾನೆ. ರೋಗಿ ಅದನ್ನು ‘ಅಪಾಯ’ವೆಂದು ಕೇಳಿಸಿಕೊಳ್ಳುತ್ತಾನೆ. ಇದಕ್ಕೆ ‘ಷರತ್ತುಬದ್ಧ’ ಎಂಬ ಅನುವಾದವೂ ನೆರವಾಗದು. ಕನ್ನಡದ ಕಿವಿಗೆ ‘ಷರತ್ತುಬದ್ಧ’ವೆಂದೊಡನೆ ನ್ಯಾಯಾಲಯದ ಜಾಮೀನು ನೆನಪಾಗುತ್ತದೆ, ಇಂಪ್ಲಾಂಟ್ ಹಾಕಿಸಿಕೊಂಡದ್ದೇ ಅಪರಾಧವೆಂಬಂತೆ ಧ್ವನಿಸುತ್ತದೆ. ‘ನಿಯಮದೊಳಗೆ ನಿರಪಾಯ’ ಎಂಬ ಮಾತು ಮೂಲದ ಆಶಯಕ್ಕೂ ಹತ್ತಿರ, ಕೇಳುವವನಿಗೂ ಸುಗಮವೆಂದು ನಮಗೆ ತೋರುತ್ತದೆ. ಇಂಗ್ಲಿಷ್ ಬಲ್ಲ ತಜ್ಞರೇ ತಮ್ಮ ಸಡಿಲವಾದ ಪದಗಳನ್ನು ತಿದ್ದಿಕೊಂಡು ಮೂರು ವರ್ಗಗಳನ್ನು ಮಾಡಿದರೆಂಬುದು ನಮಗೂ ಮೇಲ್ಪಂಕ್ತಿಯಾಗಬೇಕು.

೬

ಕೊನೆಯದು ‘ಶರೀರದಲ್ಲಿ’. ಈ ಸಪ್ತಮೀ ವಿಭಕ್ತಿ ಮೇಲುನೋಟಕ್ಕೆ ನಿರ್ದೋಷ. ಆದರೆ ನಮ್ಮ ಜನ ಹಲ್ಲನ್ನು ಶರೀರದ ಒಳಗೆ ಇರುವ ವಸ್ತುವೆಂದು ಎಣಿಸುವುದಿಲ್ಲ. ಹಲ್ಲು ‘ಬಾಯಲ್ಲಿ’ ಇರುತ್ತದೆ. ಅವರ ಮಾತಿನಲ್ಲಿ ಹಲ್ಲಿನ ಚಿಕಿತ್ಸೆಗೆಲ್ಲ ಒಂದೇ ಕ್ರಿಯಾಪದ, ‘ಹಲ್ಲು ಕಟ್ಟಿಸುವುದು’. ಮೂಳೆಯಲ್ಲಿ ತಿರುಪು ಮೊಳೆ ಕೂರಿಸಿದ್ದೂ ಹಲ್ಲು ಕಟ್ಟಿಸಿದ್ದೇ. ಅಕ್ಕಪಕ್ಕದ ಹಲ್ಲಿಗೆ ಸೇತುವೆ ಹಾಕಿದ್ದೂ ಹಲ್ಲು ಕಟ್ಟಿಸಿದ್ದೇ. ರಾತ್ರಿ ತೆಗೆದು ನೀರಿನಲ್ಲಿಡುವ ಸೆಟ್ಟೂ ಕಟ್ಟಿಸಿದ ಹಲ್ಲೇ. ಬರಹಗಳಲ್ಲಿ ಅಲ್ಲಲ್ಲಿ ಕಾಣುವ ‘ದಂತ ಕಸಿ’ ಎಂಬ ಪದ ಇನ್ನೊಂದು ಗೊಂದಲಕ್ಕೆ ದಾರಿ. ‘ಕಸಿ’ ತೋಟಗಾರಿಕೆಯ ಮಾತು. ಜೀವವುಳ್ಳ ಕೊಂಬೆಯನ್ನು ಜೀವವುಳ್ಳ ಗಿಡಕ್ಕೆ ಕೂಡಿಸುವುದು. ಮೂತ್ರಪಿಂಡದ ಕಸಿಗೆ ಅದು ಒಪ್ಪುತ್ತದೆ. ನಿರ್ಜೀವವಾದ ಮೊಳೆಯನ್ನು ಮೂಳೆಯಲ್ಲಿ ನಿಲ್ಲಿಸುವುದಕ್ಕೆ ಒಪ್ಪದು. ದಂತ ಕಸಿಯಾಗಿದೆಯೇ ಎಂದು ಕೇಳಿದರೆ, ಬೇರೊಬ್ಬರ ಹಲ್ಲನ್ನು ತಾನು ಪಡೆದಿಲ್ಲವೆಂದು ರೋಗಿ ‘ಇಲ್ಲ’ ಎಂದಾನು.

ಪ್ರಶ್ನೆಗಳ ಕ್ರಮದಲ್ಲಿಯೂ ದೋಷವಿದೆ. ಪೇಸ್‌ಮೇಕರು, ಮೆದುಳಿನ ಕ್ಲಿಪ್ಪು, ಕಿವಿಯೊಳಗಿನ ಶ್ರವಣಯಂತ್ರ, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇವುಗಳನ್ನೂ ಹಲ್ಲಿನ ಕ್ಯಾಪನ್ನೂ ಕೈಬಳೆಯನ್ನೂ ಒಂದೇ ಸಾಲಿನಲ್ಲಿ ಕೇಳಿದರೆ ಪ್ರಾಣಾಪಾಯದ ವಿಷಯವೂ ಅಲ್ಪಸಂಗತಿಯೂ ಸಮಾನವಾಗಿ ಕಾಣುತ್ತವೆ. ಇದು ಅಪಕ್ರಮ. ಅಪಾಯದ ತಾರತಮ್ಯವೇ ಪ್ರಶ್ನೆಗಳ ಕ್ರಮವಾಗಬೇಕು.

೭

ಇಲ್ಲಿ ಒಂದು ಆಕ್ಷೇಪ ಬರಬಹುದು. ಅನುಮಾನವಿದ್ದಾಗ ತಡೆಯುವುದೇ ಕ್ಷೇಮವಲ್ಲವೇ? ಎಚ್ಚರಿಕೆ ಹೆಚ್ಚಾದರೆ ನಷ್ಟವೇನು? ಅಪರಿಚಿತವಾದ ವಸ್ತುವಿನ ಬಗೆಗೆ ವಿಚಾರಿಸದೆ ಒಳಗೆ ಬಿಡಬಾರದೆಂಬುದನ್ನು ನಾವೂ ಒಪ್ಪುತ್ತೇವೆ; ಕೊನೆಯ ನಿರ್ಣಯ ಕೇಂದ್ರದ ತಜ್ಞರದೇ. ಆದರೆ ತಡೆಯುವುದಕ್ಕೂ ಬೆಲೆಯುಂಟು. ಪಾರ್ಶ್ವವಾಯು, ಬೆನ್ನುಹುರಿಯ ಒತ್ತಡ, ಮೆದುಳಿನ ಗೆಡ್ಡೆ ಇಂತಹ ಪ್ರಸಂಗಗಳಲ್ಲಿ ವಿಳಂಬವೇ ಅಪಾಯ. ಇಂಪ್ಲಾಂಟನ್ನು ತೆಗೆಸಿಕೊಂಡು ಬನ್ನಿರೆಂಬ ಸಲಹೆಯಂತೂ ಅವಿಚಾರದ್ದು. ಮೂಳೆಗೆ ಬೆಸೆದುಕೊಂಡುದನ್ನು ತೆಗೆಯುವುದೆಂದರೆ ಶಸ್ತ್ರಚಿಕಿತ್ಸೆಯೇ ಸರಿ. ಮೇಲಾಗಿ, ಅಸ್ಪಷ್ಟವಾದ ಪ್ರಶ್ನೆಯಿಂದ ಒಮ್ಮೆ ತೊಂದರೆಪಟ್ಟವನು ಮುಂದಿನ ಸಲ ಸತ್ಯವನ್ನು ಮರೆಮಾಡಲು ಕಲಿಯುತ್ತಾನೆ. ಆಗ ಪ್ರಶ್ನಾಪತ್ರ ಇದ್ದೂ ಇಲ್ಲದಂತೆ.

ದೋಷವನ್ನು ತೋರಿಸಿ ಸುಮ್ಮನಿರುವುದು ವಿಮರ್ಶಕನಿಗೆ ಶೋಭಿಸುವುದಿಲ್ಲ. ಆದುದರಿಂದ ಬಾಯಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಈ ರೀತಿಯಲ್ಲಿ ಕೇಳಬಹುದೆಂದು ಸೂಚಿಸುತ್ತೇವೆ. ಪೇಸ್‌ಮೇಕರು ಮೊದಲಾದವುಗಳ ಪ್ರಶ್ನೆಗಳು ಪ್ರತ್ಯೇಕವಾಗಿ, ಇದಕ್ಕೂ ಮೊದಲೇ ಬರತಕ್ಕವು.

ಒಂದು: ನಿಮ್ಮ ಬಾಯಲ್ಲಿ ತೆಗೆದು ಹಾಕುವ ಹಲ್ಲಿನ ಸೆಟ್ಟು ಇದೆಯೇ? ಇದ್ದರೆ ಒಳಗೆ ಹೋಗುವ ಮೊದಲು ತೆಗೆದು ಹೊರಗೆ ಇಡಿ.

ಎರಡು: ಆ ಸೆಟ್ಟು ಬಾಯಲ್ಲಿ ಅಯಸ್ಕಾಂತದಿಂದ ಕಚ್ಚಿ ನಿಲ್ಲುತ್ತದೆಯೇ? ಗೊತ್ತಿಲ್ಲದಿದ್ದರೆ ಸೆಟ್ಟನ್ನು ಸಿಬ್ಬಂದಿಗೆ ತೋರಿಸಿ.

ಮೂರು: ದವಡೆಯ ಮೂಳೆಯೊಳಗೆ ಮೊಳೆ ಕೂರಿಸಿ ಹಲ್ಲು ಕಟ್ಟಿಸಿದ್ದೀರಾ? ಎಷ್ಟು, ಯಾವ ವರ್ಷ? ಆಗ ಕೊಟ್ಟ ಚೀಟಿ ಇದ್ದರೆ ತೋರಿಸಿ.

ನಾಲ್ಕು: ಹಲ್ಲಿಗೆ ಕ್ಯಾಪು, ಸೇತುವೆ, ತಂತಿ ಇವುಗಳಲ್ಲಿ ಯಾವುದಾದರೂ ಇದೆಯೇ?

ಐದು: ಇವುಗಳಲ್ಲಿ ಯಾವುದಾದರೂ ಅಲುಗಾಡುತ್ತಿದೆಯೇ?

ಇವುಗಳ ಕೆಳಗೆ ಒಂದು ಸಾಲು ಇರಬೇಕು: ‘ಮೂರನೆಯ ಅಥವಾ ನಾಲ್ಕನೆಯ ಪ್ರಶ್ನೆಗೆ ಹೌದೆಂದು ಬರೆದ ಮಾತ್ರಕ್ಕೆ ನಿಮ್ಮ ಪರೀಕ್ಷೆ ನಿಲ್ಲುವುದಿಲ್ಲ, ಚಿತ್ರವನ್ನು ಸರಿಯಾಗಿ ತೆಗೆಯಲು ಇದು ನಮಗೆ ನೆರವಾಗುತ್ತದೆ.’ ರೋಗಿ ಸತ್ಯವನ್ನು ಬರೆಯಬೇಕಾದರೆ ಸತ್ಯದಿಂದ ತನಗೆ ದಂಡವಿಲ್ಲವೆಂಬ ಭರವಸೆ ಆ ಪುಟದಲ್ಲಿಯೇ ಸಿಗಬೇಕು. ಇಂಪ್ಲಾಂಟ್ ಹಾಕುವ ವೈದ್ಯರೂ ತಯಾರಕರ ಹೆಸರು, ಮಾದರಿ, ವಸ್ತು, ವರ್ಷ ಇವಿಷ್ಟನ್ನು ಬರೆದ ಚೀಟಿಯೊಂದನ್ನು ಆ ದಿನವೇ ಕೊಟ್ಟು, ಜೋಪಾನವಾಗಿಡುವಂತೆ ಹೇಳಿದರೆ ನಮ್ಮ ಹಿರಿಯ ಅಧ್ಯಾಪಕರು ಪಟ್ಟಂತಹ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಯತ್ನ ಇಂದು ನಿನ್ನೆಯದಲ್ಲ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಾದವರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. ಆ ಹಿರಿಯರ ಮುಂದಿದ್ದ ಪ್ರಶ್ನೆ, ತಿಳಿವಳಿಕೆಯನ್ನು ಕನ್ನಡಕ್ಕೆ ತರುವುದು ಹೇಗೆಂಬುದು. ನಮ್ಮ ಮುಂದಿರುವುದು ಇನ್ನೂ ಚಿಕ್ಕದು, ಆದರೆ ಹೆಚ್ಚು ತುರ್ತಿನದು: ಭಯದಿಂದ ಕುಳಿತಿರುವ ಒಬ್ಬ ಮನುಷ್ಯನ ಕೈಗೆ ಕೊಡುವ ಐದು ವಾಕ್ಯಗಳನ್ನು ಸರಿಯಾಗಿ ಬರೆಯುವುದು. ಕಾಲೇಜಿನ ಅಧ್ಯಾಪಕರು ತಮ್ಮ ಊರಿನ ಆಸ್ಪತ್ರೆಯಿಂದ ಇಂತಹ ಪತ್ರವೊಂದನ್ನು ತಂದು, ವಿದ್ಯಾರ್ಥಿಗಳಿಂದ ದೋಷವಿಚಾರಮಾಡಿಸಿ, ತಿದ್ದಿದ ಪ್ರತಿಯನ್ನು ವೈದ್ಯರ ಪರಿಶೀಲನೆಗೆ ಕೊಡಬಹುದು. ವೈದ್ಯರಿಗೆ ಯಂತ್ರ ಗೊತ್ತು, ನಮಗೆ ವಾಕ್ಯ ಗೊತ್ತು. ಇಬ್ಬರೂ ಒಂದೆಡೆ ಕುಳಿತು ಆ ಪುಟವನ್ನು ಓದುವ ಕೆಲಸವೊಂದು ಬಾಕಿ ಉಳಿದಿದೆ.